ಮುತ್ಯಾನ ಜಾವಾ ಹೊರಗೆ ತೆಗೆಯುವ ಮುಂಚೆ ಮುಂದಿನ ಬ್ರೇಕ್ ನೋಡು

ಪ್ರೀತಿಯ ಶರಣು,

ಮುತ್ಯಾನ ಜಾವಾ ಬೈಕಿನ ಫೋಟೋ ನೋಡಿದೆ. ಟ್ಯಾಂಕಿನ ಕ್ರೋಮ್ ಚೆನ್ನಾಗಿ ಬಂದಿದೆ. ಆದರೆ ಮುಂದಿನ ಬ್ರೇಕ್ ಲಿವರ್ ಹ್ಯಾಂಡಲ್‌ಗೆ ತಾಗುವವರೆಗೂ ಬರುತ್ತದೆ, ಹಿಂದಿನದು ಸಾಕು, ಹಬ್ಬಕ್ಕೆ ಬೀದರಿಗೆ ಹೋಗಿ ಬರ್ತೀನಿ ಅಂತ ಬರೆದಿದ್ದೀಯಲ್ಲ, ಅದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಸಾಕಾಗಲ್ಲ ತಮ್ಮಾ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ಬರುತ್ತದೆ, ಹಿಂದಿನ ಗಾಲಿ ಹಗುರಾಗುತ್ತದೆ. ಹಿಂದಿನ ಬ್ರೇಕನ್ನೇ ಜೋರಾಗಿ ತುಳಿದರೆ ಗಾಲಿ ನಿಂತು ಗಾಡಿ ಜಾರುತ್ತಾ ಹೋಗುತ್ತದೆ. ಮುಂದಿನದು ಹಿಡಿದರೆ ಬೀಳ್ತೀವಿ ಅಂತ ನಮ್ಮ ಕಡೆ ಎಷ್ಟೋ ಮಂದಿ ಅದನ್ನು ಮುಟ್ಟೋದೇ ಇಲ್ಲ. ಬೀಳೋದು ಮರಳಿನ ಮೇಲೆ, ತಿರುವಿನಲ್ಲಿ ಗಬಕ್ಕನೆ ಹಿಡಿದಾಗ. ಸುಗ್ಗಿಯಲ್ಲಿ ರಸ್ತೆ ಮೇಲೇ ಜೋಳ, ತೊಗರಿ ಹರವಿರುತ್ತಾರೆ, ಅಲ್ಲಿಗೆ ಹೋಗುವ ಮುಂಚೆಯೇ ವೇಗ ಇಳಿಸಬೇಕು. ಅದಕ್ಕೂ ಮುಂದಿನ ಬ್ರೇಕೇ ಬೇಕು.

ನೀನು ವಿಡಿಯೋದಲ್ಲಿ ನೋಡಿದ ಪ್ಯಾಡ್ ಡಿಸ್ಕ್ ಬ್ರೇಕಿನದು. ನಮ್ಮದು ಡ್ರಮ್, ಒಳಗೆ ಎರಡು ಶೂ ಇರುತ್ತವೆ, ಬ್ರೇಕ್ ಹಿಡಿದಾಗ ಅವು ಅಗಲಿ ಡ್ರಮ್ಮಿಗೆ ಉಜ್ಜುತ್ತವೆ. ಈ ಜಾವಾ ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿದೆ, ಹಾಗಾಗಿ ಈಗ ಸಿಗೋದು ಹೆಚ್ಚಾಗಿ ಬೇರೆಯವರು ಮಾಡಿದ ಶೂ. ಹಳೆಯ ಶೂ ಬಿಸಾಡಬೇಡ. ಹೊಸದು ಅಳತೆಗೆ ಸರಿ ಬರದಿದ್ದರೆ ಹಳೆಯದಕ್ಕೇ ಹೊಸ ಲೈನಿಂಗ್, ಅಂದರೆ ಡ್ರಮ್ಮಿಗೆ ಉಜ್ಜುವ ಮೇಲಿನ ಪದರ, ಹಚ್ಚಿಸಬಹುದು.

ಗಾಲಿ ಬಿಚ್ಚಿದ ಕೂಡಲೇ ಒಳಗೆ ಕಪ್ಪು ಪುಡಿ ಕಾಣುತ್ತದೆ. ಅದನ್ನು ಬಾಯಿಂದ ಊದಬೇಡ, ಪಂಕ್ಚರ್ ಅಂಗಡಿಯ ಗಾಳಿಯಿಂದಲೂ ಹೊಡೆಸಬೇಡ. ಹಳೆಯ ಲೈನಿಂಗ್‌ನಲ್ಲಿ ಆಸ್ಬೆಸ್ಟಸ್ ಇರುತ್ತಿತ್ತು, ಆ ಪುಡಿ ಪುಪ್ಪುಸಕ್ಕೆ ಹೋದರೆ ವರ್ಷಗಳಾದ ಮೇಲೆ ಕಾಟ ಕೊಡುತ್ತದೆ. ಮಾಸ್ಕ್ ಹಾಕಿಕೋ, ಒದ್ದೆ ಬಟ್ಟೆಯಿಂದ ಒರೆಸು, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆ. ಅಂಗಳದ ಶಹಾಬಾದ್ ಫರಸಿ ಮೇಲೆ ಕೂತು ಮಾಡ್ತೀಯ ಅಂತ ಗೊತ್ತು, ಮಕ್ಕಳು ಅಲ್ಲೇ ಆಡುತ್ತಾರೆ, ಮುಗಿದ ಮೇಲೆ ಫರಸಿಯನ್ನೂ ಒದ್ದೆ ಬಟ್ಟೆಯಿಂದಲೇ ಒರೆಸು.

ಲೈನಿಂಗ್ 2 ಮಿ.ಮೀ.ಗಿಂತ ತೆಳುವಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಗ್ರೀಸ್ ಕುಡಿದಿದ್ದರೆ ಬದಲಿಸಲೇಬೇಕು. ಗ್ರೀಸ್ ಕುಡಿದದ್ದನ್ನು ಪೆಟ್ರೋಲಿನಲ್ಲಿ ತೊಳೆದರೂ ಉಪಯೋಗವಿಲ್ಲ, ಬಿಸಿಯಾದಾಗ ಒಳಗಿನ ಜಿಡ್ಡು ಮತ್ತೆ ಮೇಲೆ ಬರುತ್ತದೆ. ಸ್ಪ್ರಿಂಗ್ ಸಡಿಲವಾಗಿದ್ದರೆ ಅವನ್ನೂ ಬದಲಿಸು. ಹೊಸ ಶೂಗಳಿಗೆ ಮೊದಲು ಸ್ಪ್ರಿಂಗ್ ಸಿಕ್ಕಿಸಿ, ಎರಡನ್ನೂ ಅರ್ಧ ತೆರೆದ ಪುಸ್ತಕದ ಹಾಗೆ ಹಿಡಿದು, ಒಂದು ತುದಿ ಪಿನ್ನಿಗೆ, ಇನ್ನೊಂದು ಕ್ಯಾಮ್‌ಗೆ (ತಿರುಗಿ ಶೂಗಳನ್ನು ಅಗಲಿಸುವ ತುಂಡು) ಕೂರಿಸಿ ಕೆಳಕ್ಕೆ ಒತ್ತು. ಬೆರಳು ಜೋಪಾನ. ಶೂ ಕೂರಿಸುವ ಮುಂಚೆಯೇ ಕ್ಯಾಮ್ ಬಿಚ್ಚಿ ತುಕ್ಕು ತೆಗೆದು ಗ್ರೀಸ್ ತೆಳ್ಳಗೆ ಸವರು, ಜಾಸ್ತಿ ಹಚ್ಚಿದರೆ ಅದೇ ಲೈನಿಂಗ್ ಮೇಲೆ ಹೋಗುತ್ತದೆ.

ಇನ್ನೊಂದು ಕೆಲಸವನ್ನು ಎಷ್ಟೋ ಮೆಕ್ಯಾನಿಕ್‌ಗಳು ಮಾಡೋದಿಲ್ಲ, ನೀನು ಬಿಡಬೇಡ. ಲೈನಿಂಗ್ ಮೇಲೆ ಚಾಕ್‌ಪೀಸ್ ಉಜ್ಜಿ, ಗಾಲಿ ಕೂರಿಸಿ, ಬ್ರೇಕ್ ಸ್ವಲ್ಪ ಹಿಡಿದು ತಿರುಗಿಸಿ, ಮತ್ತೆ ಬಿಚ್ಚಿ ನೋಡು. ಚಾಕ್ ಎಲ್ಲಿ ಅಳಿಸಿದೆಯೋ ಅಲ್ಲಷ್ಟೇ ಶೂ ಡ್ರಮ್ಮಿಗೆ ತಾಗುತ್ತಿದೆ. ಒಂದೇ ಮೂಲೆಯಲ್ಲಿ ಅಳಿಸಿದ್ದರೆ ಆ ಉಬ್ಬನ್ನು ಉಪ್ಪುಕಾಗದದಿಂದ ನಿಧಾನಕ್ಕೆ ತಿಕ್ಕು, ಮಾಸ್ಕ್ ತೆಗೆಯದೆ, ಮತ್ತೆ ನೋಡು. ಬೇಜಾರಿನ ಕೆಲಸ ನಿಜ, ಆದರೆ ಹೊಸ ಶೂ ಹಾಕಿದರೂ ಬ್ರೇಕ್ ಹಿಡಿಯೋದಿಲ್ಲ ಅನ್ನುವವರಲ್ಲಿ ಬಹಳ ಜನ ಇದನ್ನೇ ಬಿಟ್ಟಿರುತ್ತಾರೆ.

ಕೊನೆಗೆ ಆಕ್ಸಲ್ ಪೂರ್ತಿ ಬಿಗಿ ಮಾಡುವ ಮುಂಚೆ ಯಾರಿಗಾದರೂ ಲಿವರ್ ಜೋರಾಗಿ ಹಿಡಿಯಲು ಹೇಳು, ಶೂಗಳು ನಡುವಿಗೆ ಬಂದು ಕೂರುತ್ತವೆ, ಆಗ ಪಾನಾ ತಿರುಗಿಸು. ಶೂಗಳು ಕೂತಿರುವ ಬ್ರೇಕ್ ಪ್ಲೇಟ್ ತಿರುಗದಂತೆ ಫೋರ್ಕಿನ ಹತ್ತಿರ ಹಿಡಿದಿಡುವ ಆಸರೆ ಸರಿಯಾಗಿ ಕೂತಿದೆಯಾ ಅಂತ ಎರಡು ಸಲ ನೋಡು. ಅದು ತಪ್ಪಿದರೆ ಪ್ಲೇಟೇ ತಿರುಗಿ ಗಾಲಿ ಲಾಕ್ ಆಗುತ್ತದೆ. ಲಿವರ್ ಹಿಡಿದಾಗ ಕ್ಯಾಮ್ ತಿರುಗಿಸುವ ಕೆಳಗಿನ ಆರ್ಮ್ ಮತ್ತು ಕೇಬಲ್ ನಡುವೆ ಸುಮಾರು 90 ಡಿಗ್ರಿ ಇರಬೇಕು. ಕೇಬಲ್‌ನ ಒಂದು ಎಳೆ ಕಿತ್ತಿದ್ದರೂ ಹೊಸದು ಹಾಕು.

ಮೊದಲು ಊರ ಹೊರಗೆ, ಬೆಳಿಗ್ಗೆ, ಖಾಲಿ ರಸ್ತೆಯಲ್ಲಿ ಮೆತ್ತಗೆ ಹಿಡಿಯುತ್ತಾ ಓಡಿಸು. ಹುಮನಾಬಾದ್ ರಸ್ತೆಯ ಲಾರಿಗಳ ನಡುವೆ ಈಗಲೇ ಬೇಡ. ಲೈನಿಂಗ್ ಕೂರಲು ಸಮಯ ಬೇಕು, ಅಲ್ಲಿಯವರೆಗೆ ಬೀದರಿಗೆ ಬಸ್ಸಿನಲ್ಲೇ ಹೋಗು. ಸ್ಪ್ರಿಂಗ್ ಎಳೆಯುವ ಹುಕ್ಕು ನನ್ನ ಹತ್ತಿರ ಇದೆ, ಭಾನುವಾರ ಬಂದು ಒಯ್ಯಿ. ಬರುವಾಗ ಹಳೆಯ ಶೂ ತಗೊಂಡು ಬಾ, ನೋಡಿ ಹೇಳ್ತೀನಿ.

ನಿನ್ನ ಕಾಕಾ
ಕಲಬುರಗಿ