ತ್ಸೋ ಮೊರಿರಿಗೆ ಹೋಗಿ, ದಡಕ್ಕೆ ಮಾತ್ರ ಗಾಡಿ ಇಳಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಚಳಿಗಾಲ ಮುಗಿಯುತ್ತಿದ್ದಂತೆ ನಿಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಲಡಾಖ್ ಲೇಖನಗಳು ಶುರುವಾಗುತ್ತವೆ. ಒಂದನ್ನೂ ಬಿಡದೆ ಓದುವವನು ನಾನು. ಬೈಕ್ ಎಲ್ಲಿ ಬಾಡಿಗೆಗೆ ಸಿಗುತ್ತದೆ, ಪೆಟ್ರೋಲ್ ಎಲ್ಲಿ ತುಂಬಿಸಬೇಕು, ಯಾವ ಸರೋವರದ ಹತ್ತಿರ ಫೋಟೊ ಚೆನ್ನಾಗಿ ಬರುತ್ತದೆ, ಎಲ್ಲ ಇರುತ್ತದೆ. ಒಂದು ವಿಷಯ ಮಾತ್ರ ಯಾರೂ ಬರೆಯುವುದಿಲ್ಲ. ನಾವು ಅಲ್ಲಿಗೆ ಹೋಗುವ ತಿಂಗಳುಗಳಲ್ಲೇ ಆ ಸರೋವರಗಳ ದಡದಲ್ಲಿ ಹಕ್ಕಿಗಳು ಮರಿ ಸಾಕುತ್ತಿರುತ್ತವೆ. ಆ ಹಕ್ಕಿಗಳಲ್ಲಿ ಒಂದು ನಮ್ಮ ಊರಿನ ಕೆರೆಗೂ ಬರುವ ಜಾತಿ. ಅದಕ್ಕೇ ಈ ಪತ್ರ.

ನಾನು ಗದಗದವನು. ನಮ್ಮ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿ ಮಾಗಡಿ ಕೆರೆ ಇದೆ. ಕೆಂಪೇಗೌಡರ ಮಾಗಡಿ ಅಲ್ಲ, ಇದು ಬೇರೆ. ಇಲ್ಲಿಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ನವೆಂಬರ್ ಹೊತ್ತಿಗೆ ಬಂದವು ಮಾರ್ಚ್ ಹೊತ್ತಿಗೆ ಹೊರಟುಬಿಡುತ್ತವೆ. ಹಗಲು ಕೆರೆಯಲ್ಲಿ ಕೂತಿರುತ್ತವೆ, ಹೊತ್ತು ಇಳಿದ ಮೇಲೆ ಸುತ್ತಲ ಹೊಲಗಳಿಗೆ ಮೇಯಲು ಹೋಗುತ್ತವೆ. ಊರಿನವರು ಅವುಗಳ ತಂಟೆಗೆ ಹೋಗುವುದಿಲ್ಲ. ಈ ಕೆರೆಗೆ 2024ರಲ್ಲಿ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ ಮಾನ್ಯತೆ ಸಿಕ್ಕಾಗ ನಮಗೆಲ್ಲ ಎಷ್ಟು ಹೆಮ್ಮೆಯಾಯಿತು!

ಆದರೆ ಮಾರ್ಚ್ ಆದ ಮೇಲೆ ಅವು ಎಲ್ಲಿಗೆ ಹೋಗುತ್ತವೆ? ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಿಗೆ. ಭಾರತದೊಳಗೆ ಅವು ಗೂಡು ಕಟ್ಟುವುದು ಲಡಾಖ್‌ನಲ್ಲಿ, ಅದರಲ್ಲೂ ತ್ಸೋ ಮೊರಿರಿ ಸರೋವರ ದೊಡ್ಡ ನೆಲೆ. ಹಿಮಾಲಯ ದಾಟುವಾಗ ಇವು 7,000 ಮೀಟರ್‌ಗೂ ಮೇಲೆ ಹಾರಿದ್ದನ್ನು ವಿಜ್ಞಾನಿಗಳು ಮೈಗೆ ಪುಟ್ಟ ಟ್ರಾನ್ಸ್‌ಮಿಟರ್ ಕಟ್ಟಿ ದಾಖಲಿಸಿದ್ದಾರೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಮೈಸೂರು ಕಡೆಯ ಹದಿನಾರು ಎಂಬ ಊರಿನ ಕೆರೆಯಲ್ಲಿ ಕಂಡಿವೆ. ಹಾಗಾಗಿ ಮಾಗಡಿಗೆ ಬರುವ ಪ್ರತಿ ಹಕ್ಕಿಯೂ ತ್ಸೋ ಮೊರಿರಿಯಲ್ಲೇ ಹುಟ್ಟಿದ್ದು ಅಂತ ನಾನು ಹೇಳುತ್ತಿಲ್ಲ. ಆದರೂ ಚಳಿಗಾಲದಲ್ಲಿ ನಾವು ಕೆರೆ ದಂಡೆಯ ಮೇಲೆ ನಿಂತು, ಗದ್ದಲ ಮಾಡಬೇಡ್ರೋ ಅಂತ ಮಕ್ಕಳಿಗೆ ಹೇಳುತ್ತೇವೆ, ಆಮೇಲೆ ರಜೆ ಹಾಕಿ ಅದೇ ಜಾತಿಯ ಹಕ್ಕಿ ಮರಿ ಮಾಡುವ ಜಾಗಕ್ಕೆ ಹೋಗಿ ಗೂಡಿನ ಪಕ್ಕದಲ್ಲೇ ಗಾಡಿ ನಿಲ್ಲಿಸುತ್ತೇವೆ. ಇದು ಸರಿಯಲ್ಲ, ಅಲ್ವಾ?

ತ್ಸೋ ಮೊರಿರಿ ನೋಡದವರಿಗಾಗಿ ಎರಡು ಮಾತು. ಲೇಹ್‌ನಿಂದ 200 ಕಿಲೋಮೀಟರ್‌ಗೂ ಜಾಸ್ತಿ ದೂರ. ಉಪ್ಶಿ ದಾಟಿ, ಸಿಂಧೂ ನದಿಯ ಪಕ್ಕದಲ್ಲೇ ಸಾಗಿ, ಚುಮಾಥಾಂಗ್‌ನ ಬಿಸಿನೀರಿನ ಬುಗ್ಗೆ ನೋಡಿಕೊಂಡು, ಮಾಹೆ ಸೇತುವೆಯಲ್ಲಿ ನದಿ ದಾಟಿ ಒಳಗೆ ತಿರುಗಬೇಕು. ಸರೋವರ ಇರುವುದು 4,500 ಮೀಟರ್‌ಗೂ ಎತ್ತರದಲ್ಲಿ. ಸುಮಾರು 120 ಚದರ ಕಿಲೋಮೀಟರ್ ಹರಡಿಕೊಂಡಿದೆ. ಮರವೇ ಇಲ್ಲದ ಕಂದು ಬೆಟ್ಟ, ಅದರ ತುದಿಯಲ್ಲಿ ಹಿಮ, ಕೆಳಗೆ ಇಂಥ ನೀಲಿ. ಬೆಳಿಗ್ಗೆ ಒಂದು ಬಣ್ಣ, ಮಧ್ಯಾಹ್ನ ಗಾಳಿ ಎದ್ದ ಮೇಲೆ ಇನ್ನೊಂದು. ದಡದಲ್ಲಿ ಕೊರ್ಜೋಕ್ ಎಂಬ ಒಂದೇ ಊರು, ಅಲ್ಲೊಂದು ಹಳೆಯ ಬೌದ್ಧ ಮಠ. ಸುತ್ತಲ ಹುಲ್ಲುಗಾವಲಿನಲ್ಲಿ ಚಾಂಗ್ಪಾ ಜನ ಪಶ್ಮೀನಾ ಆಡು, ಯಾಕ್ ಮೇಯಿಸಿಕೊಂಡು ಜಾಗದಿಂದ ಜಾಗಕ್ಕೆ ಹೋಗುತ್ತಾರೆ. 2002ರಿಂದ ಇದು ಕೂಡ ರಾಮ್ಸರ್ ತಾಣ, ಅಂದರೆ ನಮ್ಮ ಮಾಗಡಿಗಿಂತ 22 ವರ್ಷ ಮೊದಲೇ. ಕಪ್ಪು ಕೊರಳಿನ ಕೊಕ್ಕರೆ, ಅಂದರೆ ಲಡಾಖ್‌ನ ರಾಜ್ಯಪಕ್ಷಿ, ಅದೂ ಈ ಭಾಗದ ಜೌಗಿನಲ್ಲಿ ಗೂಡು ಕಟ್ಟುತ್ತದೆ.

ಲಡಾಖ್‌ನ ಇನ್ನೊಂದು ಸರೋವರ ಪ್ಯಾಂಗಾಂಗ್ ಎಲ್ಲರಿಗೂ ಗೊತ್ತು. 2009ರ ಒಂದು ಹಿಂದಿ ಸಿನಿಮಾದಿಂದಾಗಿ ಅದು ಮನೆಮಾತಾಯಿತು, ಈಗ ಅಲ್ಲಿ ಸಾಲುಸಾಲು ಟೆಂಟು, ಸಿನಿಮಾದ ಹೆಸರಿನ ಕೆಫೆ, ಫೋಟೊಗೆ ಅಂತ ಹಳದಿ ಸ್ಕೂಟರ್. 2022ರಲ್ಲಿ ಯಾರೋ ಆ ಸರೋವರದ ನೀರಿಗೇ ಕಾರು ಇಳಿಸಿದ ವಿಡಿಯೊ ನೀವೂ ನೋಡಿರಬಹುದು. ಅಲ್ಲಿ ಜನ ಜಾಸ್ತಿಯಾದರು ಅಂತ ಈಗ ಸ್ವಲ್ಪ ತಿಳಿದವರು ತ್ಸೋ ಮೊರಿರಿ ಕಡೆ ತಿರುಗಿದ್ದಾರೆ. ಶಾಂತವಾಗಿದೆ, ಜನ ಇಲ್ಲ ಅಂತಲೇ ಹೋಗುತ್ತಾರೆ. ನಾನೂ ಹಾಗೆಯೇ ಹೋದವನು. ಹೋಗಬೇಡಿ ಅನ್ನುವ ಹಕ್ಕು ನನಗಿಲ್ಲ, ಅನ್ನುವುದೂ ಇಲ್ಲ. ಕೊರ್ಜೋಕ್‌ನ ಹೋಮ್‌ಸ್ಟೇಗಳು ನಡೆಯುವುದೇ ಹೀಗೆ ಬಂದು ಹೋಗುವವರಿಂದ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೆಬ್ಬಾತು ಮರದ ಮೇಲೆ ಗೂಡು ಕಟ್ಟುವ ಹಕ್ಕಿಯಲ್ಲ. ನೀರಿನ ನಡುವಿನ ದಿಬ್ಬದಲ್ಲೋ ದಡದ ಜೌಗಿನಲ್ಲೋ ನೆಲದ ಮೇಲೇ ಮೊಟ್ಟೆ ಇಟ್ಟು ಸುಮಾರು ನಾಲ್ಕು ವಾರ ಕಾವು ಕೊಡುತ್ತದೆ. ಮರಿ ಹೊರಬಂದ ಮೇಲೆ ಅದು ಹಾರಲು ಕಲಿಯುವುದಕ್ಕೆ ಇನ್ನೂ ಎರಡು ತಿಂಗಳು ಹತ್ತಿರ ಬೇಕು. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಮರಿಗಳನ್ನು ಸಾಕುವ ಅಲ್ಲಿನ ಇದೇ ಬೇಸಿಗೆಯಲ್ಲಿ ದೊಡ್ಡ ಹೆಬ್ಬಾತುಗಳು ರೆಕ್ಕೆಯ ಗರಿಗಳನ್ನೆಲ್ಲ ಒಟ್ಟಿಗೇ ಉದುರಿಸುತ್ತವೆ. ಹೊಸ ಗರಿ ಬರುವವರೆಗೆ, ಕೆಲವು ವಾರ, ಅಪ್ಪ ಅಮ್ಮನಿಗೂ ಹಾರಲು ಆಗುವುದಿಲ್ಲ. ಹಿಮಾಲಯ ದಾಟುವ ಹಕ್ಕಿ ಆ ದಿನಗಳಲ್ಲಿ ಒಂದು ನಾಯಿಯಿಂದಲೂ ಹಾರಿ ತಪ್ಪಿಸಿಕೊಳ್ಳಲಾರದು. ಅದಕ್ಕಿರುವುದು ನೀರಿಗಿಳಿಯುವ ದಾರಿ ಒಂದೇ. ಜೂನ್, ಜುಲೈ, ಆಗಸ್ಟ್. ನಾವು ರಜೆ ಹಾಕಿ ಹೊರಡುವ ತಿಂಗಳುಗಳೂ ಇವೇ.

ನಾನು ಹೋದದ್ದು ಜುಲೈನಲ್ಲಿ. ಬೆಳಿಗ್ಗೆ ಊರಿನ ಮೇಲಿನ ದಿಬ್ಬದಲ್ಲಿ ಕೂತು ಬೈನಾಕ್ಯುಲರ್‌ನಲ್ಲಿ ನೋಡುತ್ತಿದ್ದೆ. ಹೆಬ್ಬಾತಿನ ಒಂದು ಸಂಸಾರ ದಡದ ಹುಲ್ಲಿನಲ್ಲಿ ಮೇಯುತ್ತಿತ್ತು, ಮರಿಗಳು ಅಪ್ಪ ಅಮ್ಮನ ನಡುವೆ. ಅಷ್ಟರಲ್ಲಿ ಎರಡು ದೊಡ್ಡ ಗಾಡಿಗಳು ರಸ್ತೆ ಬಿಟ್ಟು ಹುಲ್ಲಿನ ಮೇಲೆ ಸೀದಾ ನೀರಿನ ತನಕ ಬಂದವು. ಸ್ಪೀಕರ್ ಹಾಡು ಶುರುವಾಯಿತು, ಡ್ರೋನ್ ಮೇಲೆದ್ದಿತು. ಆ ಹಕ್ಕಿಗಳು ಮರಿಗಳನ್ನು ಸೇರಿಸಿಕೊಂಡು ನೀರಿಗಿಳಿದವು, ಡ್ರೋನ್ ತಲೆ ಮೇಲೆ ಬಂದಾಗ ಇನ್ನೂ ಒಳಕ್ಕೆ ಹೋದವು. ನನಗೆ ಸಂಕಟವಾಯಿತು. ಇಳಿದು ಹತ್ತಿರ ಹೋದರೆ ಅವರು ಮಾತಾಡುತ್ತಿದ್ದುದು ಕನ್ನಡ! ಬೆಂಗಳೂರಿನ ಹುಡುಗರು. ವಿಷಯ ಹೇಳಿದೆ. ‘ಅಯ್ಯೋ ಸಾರ್, ನಮಗೆ ಯಾರೂ ಹೇಳಲೇ ಇಲ್ಲ’ ಅಂದರು, ಡ್ರೋನ್ ಇಳಿಸಿದರು, ಗಾಡಿ ಹಿಂದಕ್ಕೆ ತಂದರು. ಅವರಲ್ಲಿ ಒಬ್ಬ ಬೈನಾಕ್ಯುಲರ್ ಕೇಳಿ ತಗೊಂಡು ಎಷ್ಟೋ ಹೊತ್ತು ಆ ಮರಿಗಳನ್ನೇ ನೋಡಿದ. ಆಮೇಲೆ ನಮ್ಮ ಡ್ರೈವರ್ ಹೇಳಿದ್ದು ಇದು: ಅಲ್ಲಿನ ಡ್ರೈವರ್‌ಗಳಿಗೆ ಎಲ್ಲ ಗೊತ್ತು, ಆದರೆ ನೀರಿನ ಹತ್ತಿರ ಇಳಿಸಲ್ಲ ಅಂದರೆ ಗಿರಾಕಿ ಸಿಟ್ಟಾಗುತ್ತಾರೆ, ಕಂಪನಿಗೆ ಫೋನ್ ಮಾಡುತ್ತಾರೆ, ಹಾಗಾಗಿ ಸುಮ್ನೆ ಇಳಿಸಿಬಿಡುತ್ತಾರೆ. ಅಂದರೆ ಹೊರಡುವ ಮೊದಲೇ ಹೇಳಬೇಕು. ಅಲ್ಲಿ ತಲುಪಿದ ಮೇಲೆ ಹೇಳುವುದು ತಡವಾಯಿತು.

ಗಾಡಿಯಿಂದ ಇನ್ನೊಂದು ತೊಂದರೆಯೂ ಇದೆ. ಅಲ್ಲಿ ಮಳೆ ತೀರಾ ಕಡಿಮೆ, ಹುಲ್ಲು ಬೆಳೆಯುವುದು ವರ್ಷದಲ್ಲಿ ಕೆಲವೇ ತಿಂಗಳು. ಚಕ್ರದ ಗುರುತು ಒಮ್ಮೆ ಬಿದ್ದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಆ ಹುಲ್ಲೇ ಚಾಂಗ್ಪಾ ಜನರ ಆಡುಗಳಿಗೆ ಮೇವು. ನಮ್ಮ ಹೊಲದಲ್ಲಿ ಬೆಳೆ ನಿಂತಿರುವಾಗ ಯಾರೋ ಊರಾಚೆಯವರು ಕಾರು ನುಗ್ಗಿಸಿದರೆ ನಾವು ಬಿಡುತ್ತೇವೆಯೇ?

ಇನ್ನು ಕಸ. ಲಡಾಖ್‌ನಲ್ಲಿ ಬೀದಿನಾಯಿಗಳ ಸಮಸ್ಯೆ ಬಹಳ ದೊಡ್ಡದು. ಸೇನೆಯ ಶಿಬಿರ, ಟೆಂಟ್ ಶಿಬಿರ, ಊರುಗಳಲ್ಲಿ ಬಿಸಾಡಿದ ಊಟ ತಿಂದು ಅವು ಹೆಚ್ಚಾಗಿವೆ. ಊಟ ಸಿಗದಾಗ ದಡಕ್ಕೆ ಬಂದು ಹೆಬ್ಬಾತು, ಕೊಕ್ಕರೆಗಳ ಮೊಟ್ಟೆ, ಮರಿ ತಿನ್ನುತ್ತವೆ. ಕಪ್ಪು ಕೊರಳಿನ ಕೊಕ್ಕರೆಗೆ ಅಲ್ಲಿರುವ ದೊಡ್ಡ ಅಪಾಯಗಳಲ್ಲಿ ನಾಯಿಯೂ ಒಂದು ಅಂತ ಪಕ್ಷಿತಜ್ಞರು ಬಹಳ ವರ್ಷಗಳಿಂದ ಹೇಳುತ್ತಿದ್ದಾರೆ. ನಾವು ದಡದಲ್ಲಿ ಕೂತು ತಿಂದು ಉಳಿಸಿದ ಚಪಾತಿ, ಮೊಸರನ್ನ ಅಲ್ಲೇ ಚೆಲ್ಲಿದರೆ ನಾಯಿಗೆ ಗೂಡಿನ ದಾರಿ ತೋರಿಸಿದ ಹಾಗೆ. ದಾರಿಯಲ್ಲಿ ಸಿಗುವ, ಬಿಲದಲ್ಲಿ ವಾಸಿಸುವ ದಪ್ಪ ಅಳಿಲಿನಂಥ ಮಾರ್ಮೊಟ್‌ಗಳಿಗೆ ಬಿಸ್ಕತ್ತು ಹಾಕುವುದೂ ಬೇಡ. ಮುದ್ದಾಗಿರುತ್ತವೆ ನಿಜ, ಆದರೆ ಅವುಗಳ ಊಟ ಅಲ್ಲಿನ ಹುಲ್ಲು, ಗಿಡ.

ತ್ಸೋ ಮೊರಿರಿಯಿಂದ ನೀರು ಹೊರಗೆ ಹರಿದು ಹೋಗುವುದಿಲ್ಲ, ಇದನ್ನು ದಯವಿಟ್ಟು ನೆನಪಿಡಬೇಕು. ಹಿಮ ಕರಗಿದ ನೀರು ಬರುತ್ತದೆ, ಬಿಸಿಲಿಗೆ ಆವಿಯಾಗುತ್ತದೆ, ಅಷ್ಟೇ. ಅದಕ್ಕೇ ನೀರು ಉಪ್ಪುಪ್ಪು. ನಾವು ಬಟ್ಟೆ ಒಗೆದ ಸೋಪು, ಟೆಂಟ್ ಶಿಬಿರದ ಶೌಚದ ನೀರು, ಒಳಗೆ ಹೋದದ್ದೆಲ್ಲ ಒಳಗೇ ಉಳಿಯುತ್ತದೆ. ಲಡಾಖ್‌ನ ಹಳೆಯ ಮನೆಗಳಲ್ಲಿ ನೀರು ಬೇಡದ ಒಣ ಶೌಚಾಲಯ ಇರುತ್ತದೆ. ಮಣ್ಣು ಹಾಕಿ ಮುಚ್ಚುತ್ತಾರೆ, ಮುಂದೆ ಅದು ಹೊಲಕ್ಕೆ ಗೊಬ್ಬರ. ಹೋಮ್‌ಸ್ಟೇಯಲ್ಲಿ ಅದು ಇದ್ದರೆ ಮೂಗು ಮುರಿಯದೆ ಬಳಸಿ. ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ.

ಆರೋಗ್ಯದ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ ಅವಸರದ ಪ್ರವಾಸವೇ ಎಲ್ಲ ತೊಂದರೆಗೂ ಮೂಲ. ಅಷ್ಟು ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಸುಮಾರು ಶೇ 40ರಷ್ಟು ಕಡಿಮೆ. ಬೆಂಗಳೂರು ಇರುವುದು 900 ಮೀಟರ್‌ನಲ್ಲಿ, ಲೇಹ್ ಸುಮಾರು 3,500. ವಿಮಾನ ಇಳಿದ ಮರುದಿನವೇ ತ್ಸೋ ಮೊರಿರಿಗೆ ಓಡುವುದು ಅಪಾಯ. ಲೇಹ್‌ನಲ್ಲಿ ಕನಿಷ್ಠ ಎರಡು ದಿನ ಪೂರ್ತಿ ವಿಶ್ರಾಂತಿ ಬೇಕು, ಮೂರು ಆದರೆ ಇನ್ನೂ ಒಳ್ಳೆಯದು. ಎತ್ತರದಲ್ಲಿ ತಲೆನೋವು, ವಾಂತಿ ಕಡಿಮೆಯಾಗದೆ ಜೋರಾದರೆ, ನಡೆಯುವಾಗ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಅಂತ ಕಾಯದೆ ಕೆಳಗಿಳಿಯಬೇಕು. ಮಾತ್ರೆ ಬೇಕಾದರೆ ಊರಲ್ಲೇ ಡಾಕ್ಟರನ್ನು ಕೇಳಿ ತಗೊಂಡು ಹೋಗಿ. ಹಾಗೆ ನಿಧಾನವಾಗಿ ಹೋಗಿ ಕೊರ್ಜೋಕ್‌ನಲ್ಲಿ ಎರಡು ರಾತ್ರಿ ಉಳಿದವರಿಗೆ ದಡಕ್ಕೆ ಓಡುವ ಗಡಿಬಿಡಿಯೇ ಇರುವುದಿಲ್ಲ. ಮಠದ ಕಡೆಯ ಎತ್ತರದಿಂದ ಸರೋವರ ಎಷ್ಟು ದೂರದವರೆಗೆ ಕಾಣುತ್ತದೆ ಅಂದರೆ, ನೀರಿನ ಪಕ್ಕ ನಿಂತವರಿಗೆ ಅದರ ಅರ್ಧವೂ ಸಿಗುವುದಿಲ್ಲ. ಒಳ್ಳೆಯ ಫೋಟೊ ಬರುವುದೂ ಅಲ್ಲಿಂದಲೇ.

2000ನೇ ಇಸವಿಯಲ್ಲಿ ಅಲ್ಲಿನ ಜನರೇ ಈ ಸರೋವರವನ್ನು ಜೀವಲೋಕಕ್ಕೆ ಕೊಟ್ಟ ಪವಿತ್ರ ಕಾಣಿಕೆ ಅಂತ ಘೋಷಿಸಿದರು. ಅವರು ಇಷ್ಟು ಮಾಡಿರುವಾಗ ನಾವು ನೂರಿನ್ನೂರು ಮೀಟರ್ ಹಿಂದೆ ನಿಲ್ಲುವುದು ದೊಡ್ಡ ಮಾತೇ?

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ಲಡಾಖ್ ಬಗ್ಗೆ ಲೇಖನ ಹಾಕಿದಾಗಲೆಲ್ಲ ಪಕ್ಕದಲ್ಲಿ ನಾಲ್ಕು ಸಾಲು ಸೇರಿಸಿ: ಜೂನ್‌ನಿಂದ ಆಗಸ್ಟ್‌ವರೆಗೆ ದಡದಲ್ಲಿ ಮರಿಗಳಿರುತ್ತವೆ, ಗಾಡಿ ರಸ್ತೆಯಲ್ಲೇ ಇರಲಿ, ಡ್ರೋನ್ ಬೇಡ, ಉಳಿದ ಊಟ ಮತ್ತು ಕಸ ಲೇಹ್‌ಗೆ ವಾಪಸ್ ತನ್ನಿ. ಜೊತೆಗೆ ದಡದಲ್ಲಿ ನಿಂತ ಗಾಡಿಯ ಫೋಟೊ ಯಾರಾದರೂ ಕಳಿಸಿದರೆ ಅದನ್ನು ಹಾಕಬೇಡಿ, ನೋಡಿದವರಿಗೂ ಹಾಗೇ ನಿಲ್ಲಿಸಬೇಕು ಅನ್ನಿಸುತ್ತದೆ. ಬೆಂಗಳೂರು, ಹುಬ್ಬಳ್ಳಿಯಿಂದ ಗುಂಪು ಕರೆದೊಯ್ಯುವ ಪ್ರವಾಸ ಸಂಸ್ಥೆಯವರು ಈ ಪತ್ರ ಓದುತ್ತಿದ್ದರೆ ಅವರಿಗೂ ಇದೇ ಮಾತು. ಮುಂಗಡ ಹಣ ತಗೊಳ್ಳುವ ದಿನವೇ ಗಿರಾಕಿಗಳಿಗೆ ಇದನ್ನು ಹೇಳಿಬಿಡಿ, ಆಗ ಅಲ್ಲಿನ ಡ್ರೈವರ್ ಯಾರ ಹತ್ತಿರವೂ ಬೈಸಿಕೊಳ್ಳಬೇಕಿಲ್ಲ. ಜೂನ್‌ನಲ್ಲಿ ಹೋಗುವವರು ಮಾರ್ಚ್‌ನಲ್ಲೇ ಟಿಕೆಟ್ ಮಾಡಿಸುತ್ತಾರೆ, ಆದ್ದರಿಂದ ಈ ಪತ್ರವನ್ನು ಅದಕ್ಕೆ ಮುಂಚೆ ಪ್ರಕಟಿಸಿದರೆ ಉಪಕಾರವಾಗುತ್ತದೆ.

ನಿಮ್ಮ ಓದುಗ,
ಗದಗ