ಹಾಡಿದ ಮಾತ್ರಕ್ಕೆ ಕೃತಿ ಕೆಡುವುದಿಲ್ಲ

ಮಾನ್ಯ ಸಂಪಾದಕರೇ,

ಒಳ್ಳೆಯ ಕೃತಿಗೆ ಹಾಡು ಸೇರಿಸಿ ಸಿನಿಮಾ ಮಾಡಿದರೆ ಕೃತಿ ಹಾಳು ಎಂದು ಕಳೆದ ಭಾನುವಾರದ ಪುರವಣಿಯಲ್ಲಿ ಒಬ್ಬರು ಬರೆದಿದ್ದರು. ಓದಿ ಸುಮ್ನೆ ಇರಲಾಗಲಿಲ್ಲ.

ನಾನು ಕುವೈತಿನಲ್ಲಿ 11 ವರ್ಷ ನರ್ಸ್ ಆಗಿದ್ದೆ. ರೂಮಿನಲ್ಲಿ ಜೊತೆಗಿದ್ದವಳು ಫಿಲಿಪ್ಪೀನ್ಸಿನ ಮನಿಲಾದವಳು. ವಯಸ್ಸಿನಲ್ಲಿ ದೊಡ್ಡವಳು, ಹಾಗಾಗಿ ನಮಗೆಲ್ಲ ‘ಆತೆ’. ಅವರಲ್ಲಿ ಹಾಗೆಂದರೆ ಅಕ್ಕ. ಒಂದು ರಜೆಯ ದಿನ ಲ್ಯಾಪ್‌ಟಾಪನ್ನು ಮಂಚದ ಮೇಲಿಟ್ಟು ‘ಆಂಗ್ ಲರಾವಾನ್’ ತೋರಿಸಿದಳು. 2017ರ ಸಿನಿಮಾ. ಅಲ್ಲಿನ ಲೇಖಕ ನಿಕ್ ವಾಕೀನ್ ಅವರ ಹೆಸರಾಂತ ನಾಟಕ ಅದರ ಮೂಲ. ನಾಟಕ ಇರುವುದು ಇಂಗ್ಲಿಷಿನಲ್ಲಿ. ಆತೆ ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿ ಮರೆತಿದ್ದಳಂತೆ. ರೊಲಾಂಡೊ ಟಿನಿಯೊ ಅದನ್ನು ಅವರ ಮನೆಮಾತು ಟಗಾಲೊಗ್‌ಗೆ ತಂದರು, ರಯಾನ್ ಕಾಯಬ್ಯಾಬ್ ಸಂಗೀತ ಕೊಟ್ಟರು. 1997ರಲ್ಲಿ ಹೀಗೆ ಹಾಡುನಾಟಕವಾಗಿ ರಂಗಕ್ಕೆ ಬಂದದ್ದು 20 ವರ್ಷದ ಮೇಲೆ ಸಿನಿಮಾ ಆಯಿತು.

ಕತೆ 1941ರ ಅಕ್ಟೋಬರ್ ತಿಂಗಳದು. ಯುದ್ಧ ಬಾಗಿಲಿಗೆ ಬಂದಿದೆ. ಮನಿಲಾದ ಹಳೇ ಕೋಟೆ ಇಂಟ್ರಾಮುರೋಸ್‌ನ ಒಳಗೆ ಮದುವೆಯಾಗದ ಅಕ್ಕತಂಗಿ, ಕ್ಯಾಂಡಿಡಾ ಮತ್ತು ಪೌಲಾ. ತಂದೆ ದೊಡ್ಡ ಚಿತ್ರಕಾರ, ಈಗ ಕೋಣೆ ಬಿಟ್ಟು ಬರುವುದಿಲ್ಲ. ಅವರು ಕೊನೆಗೆ ಬರೆದ ಚಿತ್ರ ಮಾರಿದರೆ ಕಷ್ಟವೆಲ್ಲ ತೀರುತ್ತದೆ. ಇವರು ಮಾರುವುದಿಲ್ಲ. ಮನೆ ಖಾಲಿ ಮಾಡಿ, ಮಾರೋಣ ಎಂದು ಒಡಹುಟ್ಟಿದವರ ಕಾಟ ಬೇರೆ. ನಮ್ಮ ಕಡೆಯ ಪಾಲುಪಟ್ಟಿ ಜಗಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ!

ಬಿಲ್ ಕಟ್ಟಿಲ್ಲ, ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಬೀದಿಗೆಲ್ಲ ನಮ್ಮ ಮನೆಯೊಂದೇ ಕತ್ತಲೆ, ಮಾನ ಹೋಯಿತು ಎಂದು ಅಕ್ಕತಂಗಿ ಕುಗ್ಗಿಹೋಗುತ್ತಾರೆ. ಆಮೇಲೆ ನೋಡಿದರೆ ಊರೆಲ್ಲ ಕತ್ತಲೆ. ಯುದ್ಧದ ಭಯಕ್ಕೆ ದೀಪ ಆರಿಸುವ ಅಭ್ಯಾಸ ಅವತ್ತೇ ಇಟ್ಟಿದ್ದರು. ಆತೆ ಸಿನಿಮಾ ನಿಲ್ಲಿಸಿದಳು. “ಇಂಗ್ಲಿಷಿನಲ್ಲಿ ಓದಿದಾಗ ಏನೂ ಅನಿಸಿರಲಿಲ್ಲ. ಇವರು ಮಾತಾಡೋದು ನಮ್ಮಮ್ಮನ ಹಾಗೇ ಇದೆ” ಎಂದಳು. ಮೂಗು ಒರೆಸಿಕೊಂಡು ಮತ್ತೆ ಹಾಕಿದಳು.

ತಪ್ಪಿಲ್ಲ ಅಂತಲ್ಲ. ಇಡೀ ಕತೆಯನ್ನು ಹಾಡಿಯೇ ಹೇಳುತ್ತಾರೆ. ಯಕ್ಷಗಾನ ನೋಡಿ ಬೆಳೆದ ನನಗೂ ಮೊದಲ ಅರ್ಧ ಗಂಟೆ ಜಾಸ್ತಿ ಆಯಿತು. ನಮ್ಮಲ್ಲಿ ಭಾಗವತರು ಹಾಡಿದ ಮೇಲೆ ಅರ್ಥ ಹೇಳುವವರಾದರೂ ಇರುತ್ತಾರೆ, ಅಲ್ವಾ?

ಮನಿಲಾದ ಕ್ರಿಸ್‌ಮಸ್ ಚಿತ್ರೋತ್ಸವದಲ್ಲಿ ಇದು ತೆರೆಗೆ ಬಂದಾಗ ಜನ ಕಡಿಮೆ ಎಂದು ಕೆಲವು ಥಿಯೇಟರುಗಳು ಬೇಗನೆ ಎತ್ತಿಬಿಟ್ಟವು. ಅದೇ ಉತ್ಸವದಲ್ಲಿ ಅತ್ಯುತ್ತಮ ಚಿತ್ರ ಪ್ರಶಸ್ತಿ ಇದಕ್ಕೇ ಬಂತು. ಕ್ಯಾಂಡಿಡಾ ಪಾತ್ರದ ಜೊವಾನಾ ಆಂಪಿಲ್ ಅತ್ಯುತ್ತಮ ನಟಿ ಆದರು.

ಲೇಖನ ಬರೆದವರು ಒಮ್ಮೆ ನೋಡಲಿ. ಭಾಷೆ ಬಾರದವರಿಗೆ ಸಬ್‌ಟೈಟಲ್ ಇದೆ. ವಾಕೀನ್ ನಾಟಕ ಬರೆದ ಭಾಷೆ ಇಂಗ್ಲಿಷ್, ಅದು ಈಗ ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಓಡುತ್ತಿರುತ್ತದೆ.

— ನಿವೃತ್ತ ನರ್ಸ್, ಕಾರ್ಕಳ