ಅಕ್ಕನಿಗೆ: ಹಡಗಿನಲ್ಲಿ ಬಟ್ಟೆ ಒಗೆಯುವ ಕೋಣೆ ಇದೆಯಾ ಎಂದು ಮೊದಲು ಕೇಳು

ಪ್ರೀತಿಯ ಅಕ್ಕ,

ನಿನಗೂ ಭಾವನಿಗೂ ನಮಸ್ಕಾರ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಅತ್ತೆಯವರ ಮಂಡಿನೋವು ಸ್ವಲ್ಪ ಕಡಿಮೆಯಾಗಿದೆ ಎಂದು ಬರೆದಿದ್ದೀಯ. ಓದಿ ಸಮಾಧಾನವಾಯಿತು. ಕ್ರೂಸ್‌ಗೆ, ಅಂದರೆ ಈ ಹಡಗಿನ ಪ್ರವಾಸಕ್ಕೆ, ಅವರೂ ಬರಲು ಒಪ್ಪಿದ್ದು ನನಗೆ ಬಹಳ ಖುಷಿ ಕೊಟ್ಟಿತು.

ಎರಡು ವಾರಕ್ಕೆ ಐದು ಜನರ ಬಟ್ಟೆ ಹೇಗೆ ಹೊರುವುದು ಎಂದು ಕೇಳಿದ್ದೀಯ. ಅದು ನೀವು ಯಾವ ಹಡಗು ಹಿಡಿಯುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಕೆಲವು ಹಡಗುಗಳಲ್ಲಿ ಪ್ರಯಾಣಿಕರು ತಾವೇ ಬಟ್ಟೆ ಒಗೆದು ಒಣಗಿಸಿಕೊಳ್ಳಲು ಪ್ರತ್ಯೇಕ ಕೋಣೆ ಇರುತ್ತದೆ. ವಾಷಿಂಗ್ ಮಷೀನು, ಡ್ರೈಯರು ಸಾಲಾಗಿ ಇರುತ್ತವೆ. ಕೆಲವು ಹಡಗುಗಳಲ್ಲಿ ಅಂಥದ್ದು ಇರುವುದೇ ಇಲ್ಲ. ಜನ ಹಡಗು ಆರಿಸುವಾಗ ಈಜುಕೊಳ ನೋಡುತ್ತಾರೆ, ಊಟ ನೋಡುತ್ತಾರೆ, ಬಾಲ್ಕನಿ ನೋಡುತ್ತಾರೆ. ಈ ಕೋಣೆಯ ಬಗ್ಗೆ ಕೇಳುವವರು ಕಡಿಮೆ. ಮಕ್ಕಳು ಮತ್ತು ವಯಸ್ಸಾದವರು ಜೊತೆಗಿದ್ದರೆ ದುಡ್ಡು ಕಟ್ಟುವ ಮೊದಲು ಕೇಳಲೇಬೇಕಾದ ಪ್ರಶ್ನೆ ಅದು ಎಂದು ನನಗೆ ಅನಿಸುತ್ತದೆ.

ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ಪ್ರಯಾಣಿಕರಿಗೆ ಇಂಥ ಕೋಣೆ ಇಲ್ಲ. ಸಾವಿರಾರು ಜನ ಹತ್ತುವ ಅತಿ ದೊಡ್ಡ ಹಡಗುಗಳಲ್ಲೂ ಇಲ್ಲ. ಅದರ ಸೋದರ ಕಂಪನಿ ಸೆಲೆಬ್ರಿಟಿಯಲ್ಲೂ ಇಲ್ಲ. ಪ್ರಿನ್ಸೆಸ್ ಕಂಪನಿಯವರು ಇದಕ್ಕೆ ಒಳ್ಳೆಯ ಹೆಸರು ಪಡೆದಿದ್ದಾರೆ. ಅವರ ಬಹುಪಾಲು ಹಡಗುಗಳಲ್ಲಿ ಕ್ಯಾಬಿನ್‌ಗಳಿರುವ ಮಹಡಿಗಳಲ್ಲೇ ಲಾಂಡ್ರಿ ಕೋಣೆ ಸಿಗುತ್ತದೆ. ಕಾರ್ನಿವಲ್ ಹಡಗುಗಳಲ್ಲಿ ಹೆಚ್ಚಿನವುಗಳಲ್ಲಿ ಇದೆ, ದುಡ್ಡು ಕೊಟ್ಟು ಬಳಸಬೇಕು. ಮಕ್ಕಳಿರುವ ಕುಟುಂಬಗಳೇ ಹೆಚ್ಚು ಹೋಗುವ ಡಿಸ್ನಿ ಹಡಗುಗಳಲ್ಲೂ ಇದೆ. ಕ್ಯೂನಾರ್ಡ್ ಕಂಪನಿಯ ಕ್ವೀನ್ ಮೇರಿ 2 ಹಡಗಿನಲ್ಲಿ ಮಷೀನಿಗೆ ದುಡ್ಡು ಕೇಳುವುದಿಲ್ಲ. ಬ್ರಿಟನ್ನಿನ ಪಿ ಅಂಡ್ ಓ ಹಡಗುಗಳಲ್ಲೂ ಲಾಂಡ್ರಿ ಕೋಣೆ ಇದೆ. ವೈಕಿಂಗ್‌ನವರ ಸಮುದ್ರದ ಹಡಗುಗಳಲ್ಲಂತೂ ಮಷೀನು, ಸೋಪು ಎರಡೂ ಪುಕ್ಕಟೆ. ಆದರೆ ಅವರು 18 ವರ್ಷ ತುಂಬದವರನ್ನು ಹತ್ತಿಸಿಕೊಳ್ಳುವುದಿಲ್ಲ. ಪುಟ್ಟ, ಪುಟ್ಟಿ ಇರುವುದರಿಂದ ನಿಮಗೆ ಅದು ಆಗುವುದಿಲ್ಲ.

ಒಂದು ಮಾತು ನೆನಪಿಡು. ಕಂಪನಿಯ ಹೆಸರು ಕೇಳಿ ಸುಮ್ಮನಾಗಬೇಡ. ಒಂದೇ ಕಂಪನಿಯ ಹಳೆಯ ಹಡಗಿಗೂ ಹೊಸ ಹಡಗಿಗೂ ವ್ಯತ್ಯಾಸವಿರುತ್ತದೆ. ಇದ್ದ ಕೋಣೆಯನ್ನು ತೆಗೆದು ಅಲ್ಲಿ ಬೇರೇನೋ ಮಾಡಿರುವುದೂ ಉಂಟು. ಹಾಗಾಗಿ ಹಡಗಿನ ಹೆಸರು ಹೇಳಿಯೇ ಕೇಳಬೇಕು. ಪ್ರತಿ ಹಡಗಿಗೂ ಮಹಡಿವಾರು ನಕ್ಷೆ ಇರುತ್ತದೆ, ಡೆಕ್ ಪ್ಲಾನ್ ಅನ್ನುತ್ತಾರೆ. ಲಾಂಡ್ರಿ ಕೋಣೆ ಇದ್ದರೆ ಅದರಲ್ಲಿ ಗುರುತು ಮಾಡಿರುತ್ತಾರೆ. ಭಾವನಿಗೆ ನಕ್ಷೆ ನೋಡುವುದೆಂದರೆ ಇಷ್ಟ ಅಲ್ವಾ, ಆ ಕೆಲಸ ಅವರಿಗೇ ಬಿಡು. ಕ್ಯಾಬಿನ್ ಆರಿಸುವಾಗಲೂ ಆ ನಕ್ಷೆ ಬೇಕು. ಅತ್ತೆಯವರ ಕ್ಯಾಬಿನ್ ಲಾಂಡ್ರಿ ಇರುವ ಮಹಡಿಯಲ್ಲೇ ಇದ್ದರೆ ಒಳ್ಳೆಯದು. ಗೋಡೆಗೆ ತಾಗಿದ್ದು ಮಾತ್ರ ಬೇಡ. ಡ್ರೈಯರ್ ತಿರುಗುವ ಸದ್ದು, ಬಾಗಿಲು ಬಡಿಯುವ ಸದ್ದು ಅವರ ನಿದ್ದೆ ಕೆಡಿಸುತ್ತವೆ.

ಎಲ್ಲ ಹಡಗಿನಲ್ಲೂ ಯಾಕೆ ಇಟ್ಟಿಲ್ಲ ಎಂದು ನೀನು ಕೇಳಬಹುದು. ಹಡಗಿನಲ್ಲಿ ಪ್ರತಿ ಅಡಿ ಜಾಗಕ್ಕೂ ಬೆಲೆ ಇದೆ. ಲಾಂಡ್ರಿ ಕೋಣೆಯ ಜಾಗದಲ್ಲಿ ಇನ್ನೊಂದು ಕ್ಯಾಬಿನ್ ಮಾಡಿದರೆ ಪ್ರತಿ ಪ್ರಯಾಣದಲ್ಲೂ ಅದರಿಂದ ದುಡ್ಡು ಬರುತ್ತದೆ. ಬಟ್ಟೆಯನ್ನು ಸಿಬ್ಬಂದಿಯ ಕೈಗೆ ಕೊಟ್ಟರೆ ಅದಕ್ಕೂ ದುಡ್ಡು ಬರುತ್ತದೆ. ಮೂರು ನಾಲ್ಕು ದಿನಕ್ಕೆ ಹೋಗಿಬರುವವರಿಗೆ ಒಗೆಯುವ ಕೋಣೆ ಬೇಕಾಗುವುದೂ ಇಲ್ಲ. ಇವೆಲ್ಲ ಅರ್ಥವಾಗುತ್ತದೆ. ಆದರೂ ಎರಡು ವಾರ ಸಮುದ್ರದ ಮೇಲಿರುವ ಹಡಗಿನಲ್ಲಿ ಆ ಕೋಣೆ ಇರಲೇಬೇಕು ಎಂದು ನನ್ನ ಗಟ್ಟಿ ಅಭಿಪ್ರಾಯ. ಪುಟ್ಟ ಮಗು ರಾತ್ರಿ ವಾಂತಿ ಮಾಡಿಕೊಂಡರೆ ತಾಯಿಯಾದವಳು ಏನು ಮಾಡಬೇಕು ಹೇಳು.

ಇನ್ನೊಂದು ಕಾರಣ ಬೆಂಕಿ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಅಲ್ಲಿ ಹೋದಾಗ ನೀವೂ ಗಮನಿಸಬೇಕು. 1998ರ ಜುಲೈ 20ರಂದು ಎಕ್ಸ್‌ಟಸಿ ಎಂಬ ಹಡಗು ಅಮೆರಿಕದ ಮಯಾಮಿ ಬಂದರಿನಿಂದ ಹೊರಟಿತ್ತು. ಹೊರಟ ಸ್ವಲ್ಪ ಹೊತ್ತಿಗೇ ಬೆಂಕಿ ಹೊತ್ತಿಕೊಂಡಿತು. ಬೆಂಕಿ ಶುರುವಾಗಿದ್ದು ಸಿಬ್ಬಂದಿ ಕೆಲಸ ಮಾಡುವ ದೊಡ್ಡ ಲಾಂಡ್ರಿಯಲ್ಲಿ. ಅಲ್ಲಿ ಅನುಮತಿ ಇಲ್ಲದೆ ವೆಲ್ಡಿಂಗ್ ಮಾಡುತ್ತಿದ್ದರು. ಗಾಳಿ ಹೋಗುವ ಕೊಳವೆಗಳಲ್ಲಿ ಬಟ್ಟೆಯ ನೂಲುಧೂಳು ರಾಶಿಯಾಗಿ ಕೂತಿತ್ತು. ಕಿಡಿ ಅದಕ್ಕೆ ತಗುಲಿತು. ಬೆಂಕಿ ಆ ಕೊಳವೆಗಳ ಒಳಗೇ ಹರಿದು ಹಡಗಿನ ಹಿಂಭಾಗಕ್ಕೆ ಹೋಯಿತು. ಅಲ್ಲಿ ಹಡಗು ಕಟ್ಟುವ ಹಗ್ಗಗಳ ರಾಶಿ ಇತ್ತು, ಅದು ಧಗಧಗ ಉರಿಯಿತು. ಪುಣ್ಯಕ್ಕೆ ಯಾರ ಪ್ರಾಣವೂ ಹೋಗಲಿಲ್ಲ.

ನೂಲುಧೂಳು ಅಂದರೆ ಡ್ರೈಯರಿನ ಜಾಲರಿಯಲ್ಲಿ ಕೂರುವ ಮೆತ್ತಗಿನ ಬೂದುಬಣ್ಣದ ಪದರ. ನೋಡಲು ಏನೂ ಅನಿಸುವುದಿಲ್ಲ, ಕಿಡಿ ತಾಗಿದರೆ ತಕ್ಷಣ ಹೊತ್ತಿಕೊಳ್ಳುತ್ತದೆ. ನೀನು ಡ್ರೈಯರ್ ಬಳಸುವ ಮೊದಲೊಮ್ಮೆ, ಬಳಸಿದ ಮೇಲೊಮ್ಮೆ ಆ ಜಾಲರಿ ಎಳೆದು ಕೈಯಿಂದ ಬಳಿದು ತೆಗೆ. ಹಿಂದೆ ಬಳಸಿದವರು ತೆಗೆದಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ತೆಗೆದರೆ ಬಟ್ಟೆಯೂ ಬೇಗ ಒಣಗುತ್ತದೆ.

ಇಸ್ತ್ರಿಪೆಟ್ಟಿಗೆಯನ್ನು ಕ್ಯಾಬಿನ್‌ಗೆ ಒಯ್ಯಲು ಬಿಡದಿರುವುದೂ ಇದೇ ಭಯಕ್ಕೆ. ಬಟ್ಟೆಗೆ ಹಬೆ ಹಾಯಿಸುವ ಸಣ್ಣ ಸ್ಟೀಮರನ್ನೂ ಬಹಳ ಹಡಗುಗಳಲ್ಲಿ ಬಿಡುವುದಿಲ್ಲ. ಹತ್ತುವಾಗ ಸಾಮಾನು ಪರೀಕ್ಷಿಸಿ ತೆಗೆದಿಟ್ಟುಕೊಳ್ಳುತ್ತಾರೆ, ಇಳಿಯುವಾಗ ವಾಪಸ್ ಕೊಡುತ್ತಾರೆ. ಹಾಗಾಗಿ ಭಾವನ ಪ್ರಯಾಣದ ಇಸ್ತ್ರಿಪೆಟ್ಟಿಗೆ ಮನೆಯಲ್ಲೇ ಇರಲಿ. ಕೆಲವು ಹಡಗುಗಳ ಲಾಂಡ್ರಿ ಕೋಣೆಯಲ್ಲಿ ಇಸ್ತ್ರಿ ಮಾಡುವ ಹಲಗೆ, ಪೆಟ್ಟಿಗೆ ಎರಡೂ ಇರುತ್ತವೆ. ಅಲ್ಲೇ ಮಾಡಿಕೊಳ್ಳಬಹುದು.

ಈಗ ಕೋಣೆ ಬಳಸುವ ವಿಷಯ. ಹಡಗು ಯಾವ ಬಂದರಿಗೂ ಹೋಗದೆ ಇಡೀ ದಿನ ಸಮುದ್ರದಲ್ಲೇ ಇರುವ ದಿನಗಳಿರುತ್ತವೆ. ಆ ದಿನ ಬೆಳಗ್ಗೆ ಲಾಂಡ್ರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಂದರಿನಲ್ಲಿ ನಿಂತ ದಿನ ಎಲ್ಲರೂ ಊರು ನೋಡಲು ಇಳಿದಿರುತ್ತಾರೆ, ಆಗ ಕೋಣೆ ಖಾಲಿ. ಅತ್ತೆಯವರು ಹೇಗೂ ಎಲ್ಲ ಬಂದರಿನಲ್ಲೂ ಇಳಿಯುವುದಿಲ್ಲ. ಅವರ ಜೊತೆ ನಿಮ್ಮಲ್ಲಿ ಒಬ್ಬರು ಉಳಿಯುವ ದಿನ ಈ ಕೆಲಸ ಮುಗಿಸಿಕೊಳ್ಳಿ. ಒಗೆಯಲು ಮುಕ್ಕಾಲು ಗಂಟೆ ಹಿಡಿಯುತ್ತದೆ, ಒಣಗಲು ಅಷ್ಟೇ, ಕೆಲವೊಮ್ಮೆ ಜಾಸ್ತಿ. ಕೋಣೆ ಹಲವು ಹಡಗುಗಳಲ್ಲಿ ಬೆಳಗ್ಗೆಯಿಂದ ರಾತ್ರಿಯವರೆಗೆ ಮಾತ್ರ ತೆರೆದಿರುತ್ತದೆ, ಸಮಯ ಬಾಗಿಲ ಮೇಲೆ ಬರೆದಿರುತ್ತಾರೆ. ಹಡಗಿನೊಳಗೆ ಕೈಯಲ್ಲಿ ದುಡ್ಡು ನಡೆಯುವುದಿಲ್ಲ. ಕ್ಯಾಬಿನ್ ಬಾಗಿಲು ತೆಗೆಯುವ ಕಾರ್ಡನ್ನೇ ಮಷೀನಿಗೂ ಕೊಡುವ ಪದ್ಧತಿ ಹೆಚ್ಚು. ಕೆಲವು ಕಡೆ ಟೋಕನ್ ಕೊಳ್ಳಬೇಕು.

ಮಷೀನು ನಿಂತ ತಕ್ಷಣ ಬಟ್ಟೆ ತೆಗೆಯಬೇಕು. ತಡ ಮಾಡಿದರೆ ಕಾಯುತ್ತಿರುವವರು ನಿನ್ನ ಬಟ್ಟೆ ತೆಗೆದು ಮೇಲಿಟ್ಟು ತಮ್ಮದು ಹಾಕುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಎಲ್ಲರಿಗೂ ಮಷೀನು ಬೇಕು. ಆದರೆ ನಮ್ಮ ಒಳಬಟ್ಟೆಯನ್ನು ಬೇರೆಯವರು ಮುಟ್ಟುವುದು ಅತ್ತೆಯವರಿಗೆ ಸರಿ ಬರುವುದಿಲ್ಲ. ಒಂದು ಪುಸ್ತಕ ಹಿಡಿದು ಅಲ್ಲೇ ಕೂತುಬಿಡು. ಆ ಕೋಣೆಯಲ್ಲಿ ಕೂತವರು ಮಾತಿಗೆ ಸಿಗುತ್ತಾರೆ. ಮುಂದಿನ ಬಂದರಿನಲ್ಲಿ ನಡೆಯಲು ಕಷ್ಟವಿರುವವರಿಗೆ ಎಲ್ಲಿ ಗಾಡಿ ಸಿಗುತ್ತದೆ ಎಂದು ನನಗೆ ತಿಳಿದದ್ದು ಹಾಗೆ ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿಯಿಂದ.

ಸೋಪು ಸ್ವಲ್ಪವೇ ಹಾಕು. ಹಡಗಿನವರು ಸಮುದ್ರದ ನೀರಿನಿಂದ ಉಪ್ಪು ತೆಗೆದು ಸಿಹಿನೀರು ಮಾಡಿಕೊಳ್ಳುತ್ತಾರೆ. ಎಂಜಿನ್ನಿನ ಬಿಸಿಯಿಂದ ನೀರನ್ನು ಆವಿ ಮಾಡಿ ಮತ್ತೆ ತಣಿಸುವುದು ಒಂದು ದಾರಿ. ಒತ್ತಡ ಹಾಕಿ ತೆಳುವಾದ ಪೊರೆಯ ಮೂಲಕ ಸೋಸುವುದು ಇನ್ನೊಂದು ದಾರಿ. ಹಾಗೆ ಬಂದ ನೀರು ಮೆದು, ನೊರೆ ಜಾಸ್ತಿ ಬರುತ್ತದೆ. ಸೋಪು ಹೆಚ್ಚಾದರೆ ಬಟ್ಟೆಯಲ್ಲೇ ಉಳಿದುಬಿಡುತ್ತದೆ. ಪುಟ್ಟಿಗೆ ಮೈ ತುರಿಕೆ ಇರುವುದರಿಂದ ಅವಳಿಗೆ ಒಗ್ಗುವ ಸೋಪನ್ನೇ ಮನೆಯಿಂದ ತಗೊಂಡು ಹೋಗು. ದ್ರವ ಬೇಡ, ಸೂಟ್‌ಕೇಸಿನಲ್ಲಿ ಸೋರುತ್ತದೆ. ಪುಡಿಯನ್ನು ಸಣ್ಣ ಸಣ್ಣ ಪೊಟ್ಟಣ ಮಾಡಿಕೊ. ಡ್ರೈಯರುಗಳು ತುಂಬಾ ಬಿಸಿ. ಹತ್ತಿ ಬಟ್ಟೆ ಕುಗ್ಗಬಹುದು, ಬಿಸಿ ಕಡಿಮೆ ಇಟ್ಟು ಒಣಗಿಸು. ರೇಷ್ಮೆಯನ್ನು ಅದಕ್ಕೆ ಹಾಕಲೇಬೇಡ.

ಕೋಣೆ ಇಲ್ಲದ ಹಡಗೇ ಗಟ್ಟಿಯಾದರೂ ಗಾಬರಿಯಾಗಬೇಡ. ನಾವು ಹೋದ ಒಂದು ಹಡಗಿನಲ್ಲೂ ಇರಲಿಲ್ಲ. ಕ್ಯಾಬಿನ್ನಿನ ಬೀರುವಿನಲ್ಲಿ ಒಂದು ಚೀಲ, ಒಂದು ಚೀಟಿ ಇಟ್ಟಿರುತ್ತಾರೆ. ಯಾವ ಬಟ್ಟೆ ಎಷ್ಟು ಎಂದು ಚೀಟಿಯಲ್ಲಿ ಬರೆದು ಚೀಲದಲ್ಲಿ ಹಾಕಿಟ್ಟರೆ ಕ್ಯಾಬಿನ್ ನೋಡಿಕೊಳ್ಳುವ ಹುಡುಗ ತೆಗೆದುಕೊಂಡು ಹೋಗುತ್ತಾನೆ. ಒಂದೆರಡು ದಿನದಲ್ಲಿ ಒಗೆದು ಬರುತ್ತದೆ. ಒಂದೊಂದು ಬಟ್ಟೆಗೂ ಬೇರೆ ಬೇರೆ ದರ, ಐದು ಜನರದ್ದು ಕೊಟ್ಟರೆ ಕೈಸುಡುತ್ತದೆ. ಪ್ರಯಾಣದ ನಡುವೆ ಒಂದು ಚೀಲ ತುಂಬಾ ಎಷ್ಟು ಹಿಡಿಯುತ್ತದೋ ಅಷ್ಟಕ್ಕೂ ಒಂದೇ ದರ ಎಂದು ಹಲವು ಹಡಗುಗಳಲ್ಲಿ ಹೇಳುತ್ತಾರೆ. ಆ ದರ ತಿಳಿಸುವ ಚೀಟಿ ಬಂದ ದಿನ ಮರೆಯದೆ ಬಟ್ಟೆ ಕೊಟ್ಟುಬಿಡು. ಮಕ್ಕಳ ಟೀ ಶರ್ಟು, ಒಳಬಟ್ಟೆ, ಕಾಲುಚೀಲ ಸುತ್ತಿ ಸುತ್ತಿ ತುಂಬಿದರೆ ಬಹಳ ಹಿಡಿಯುತ್ತದೆ. ನಾಜೂಕಾದ ಬಟ್ಟೆ ಅದರಲ್ಲಿ ಹಾಕಬೇಡ, ಎಲ್ಲವನ್ನೂ ಒಟ್ಟಿಗೆ ಒಗೆಯುತ್ತಾರೆ. ಒಂದೇ ಕಂಪನಿಯಲ್ಲಿ ಮತ್ತೆ ಮತ್ತೆ ಹೋಗುವವರಿಗೆ ಪುಕ್ಕಟೆಯಾಗಿ ಒಗೆದುಕೊಡುವುದೂ ಇದೆ, ಆದರೆ ನಿಮ್ಮದು ಮೊದಲ ಪ್ರಯಾಣ.

ಆ ಬಟ್ಟೆ ಒಗೆಯುವವರನ್ನು ನಾವು ಕಾಣುವುದೇ ಇಲ್ಲ ಅಕ್ಕ. ಕೆಳಗಿನ ಮಹಡಿಗಳಲ್ಲಿ, ಕಿಟಕಿ ಇಲ್ಲದ ಜಾಗದಲ್ಲಿ, ಮಷೀನುಗಳ ಬಿಸಿಯಲ್ಲಿ ಅವರ ಕೆಲಸ. ಸಾವಿರಾರು ಹಾಸಿಗೆಯ ಹೊದಿಕೆ, ಟವೆಲು, ಮೇಜುಬಟ್ಟೆ ಎಲ್ಲ ಅವರ ಕೈಯಲ್ಲೇ ಹೋಗಬೇಕು. ಮನೆ ಬಿಟ್ಟು ತಿಂಗಳುಗಟ್ಟಲೆ ಅಲ್ಲೇ ಇರುತ್ತಾರೆ. ಟವೆಲನ್ನು ಇನ್ನೊಂದು ದಿನ ಬಳಸುವುದಾದರೆ ಕೊಕ್ಕೆಗೆ ನೇತುಹಾಕಿ, ನೆಲಕ್ಕೆ ಹಾಕಬೇಡಿ. ನೆಲಕ್ಕೆ ಹಾಕಿದರೆ ಒಗೆಯಲು ಕೊಂಡುಹೋಗುತ್ತಾರೆ. ಮಕ್ಕಳಿಗೂ ಇದನ್ನು ಹೇಳಿಕೊಡು.

ಸಣ್ಣಪುಟ್ಟದ್ದನ್ನು ಬಚ್ಚಲಿನ ಸಿಂಕಿನಲ್ಲೇ ಒಗೆದುಕೊಳ್ಳಬಹುದು. ಹಿಂಡಿದ ಮೇಲೆ ಒಣ ಟವೆಲಿನಲ್ಲಿ ಸುತ್ತಿ ಗಟ್ಟಿಯಾಗಿ ಒತ್ತು, ಅರ್ಧ ನೀರು ಅದಕ್ಕೇ ಹೋಗುತ್ತದೆ. ಶವರಿನ ಗೋಡೆಯಲ್ಲಿ ಎಳೆದು ಕಟ್ಟುವ ಒಂದು ದಾರ ಇರುತ್ತದೆ. ಅಷ್ಟು ಸಾಲದು. ಕ್ಯಾಬಿನ್ನಿನ ಗೋಡೆಗಳು ಹೆಚ್ಚಾಗಿ ಲೋಹದವು, ಅಯಸ್ಕಾಂತದ ಕೊಕ್ಕೆಗಳು ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಅಂಥ ನಾಲ್ಕು ಕೊಕ್ಕೆ ತಗೊಂಡು ಹೋಗು. ಏಸಿ ಗಾಳಿ ಬರುವ ಕಡೆ ನೇತುಹಾಕಿದರೆ ತೆಳು ಬಟ್ಟೆ ಬೆಳಗ್ಗೆ ಹೊತ್ತಿಗೆ ಒಣಗುತ್ತದೆ. ಜೀನ್ಸ್ ಒಣಗುವುದಿಲ್ಲ, ಅದರ ಆಸೆ ಬೇಡ. ಬಾಲ್ಕನಿಯಲ್ಲಿ ಮಾತ್ರ ಏನನ್ನೂ ಒಣಹಾಕಬೇಡಿ. ಗಾಳಿಗೆ ಹಾರಿ ಸಮುದ್ರಕ್ಕೆ ಹೋಗುತ್ತದೆ, ಸಿಬ್ಬಂದಿಯೂ ಬೇಡ ಅನ್ನುತ್ತಾರೆ. ಸಮುದ್ರದ ಗಾಳಿಯಲ್ಲಿ ತೇವ, ಉಪ್ಪು ಎರಡೂ ಇರುವುದರಿಂದ ಬಟ್ಟೆ ಅಂಟಂಟಾಗುತ್ತದೆ.

ಹಡಗು ಇಳಿಯುವ ಹಿಂದಿನ ರಾತ್ರಿ ಸೂಟ್‌ಕೇಸುಗಳನ್ನು ಕ್ಯಾಬಿನ್ ಹೊರಗೆ ಇಡಬೇಕು. ಸಿಬ್ಬಂದಿ ಅವನ್ನು ತೆಗೆದುಕೊಂಡು ಹೋಗಿ ಬೆಳಗ್ಗೆ ದಡದಲ್ಲಿ ಕೊಡುತ್ತಾರೆ. ಆ ರಾತ್ರಿ ಒದ್ದೆ ಬಟ್ಟೆ ಕೈಯಲ್ಲಿ ಉಳಿಯಬಾರದು. ಕೊನೆಯ ಒಗೆತ ಅದಕ್ಕೂ ಎರಡು ದಿನ ಮೊದಲೇ ಆಗಲಿ.

ಲೆಕ್ಕ ಹೀಗೆ ಹಾಕು. ಲಾಂಡ್ರಿ ಕೋಣೆ ಇದ್ದರೆ ಒಬ್ಬೊಬ್ಬರಿಗೆ ಐದಾರು ದಿನದ ಬಟ್ಟೆ ಸಾಕು, ಮಕ್ಕಳಿಗೆ ಎರಡು ಜೊತೆ ಹೆಚ್ಚು. ಒಟ್ಟು ಮೂರು ಸೂಟ್‌ಕೇಸಿನಲ್ಲಿ ಮುಗಿಯುತ್ತದೆ. ಕ್ಯಾಬಿನ್ ಚಿಕ್ಕದು, ಸೂಟ್‌ಕೇಸು ಕಡಿಮೆಯಾದಷ್ಟೂ ಅತ್ತೆಯವರು ಎಡವದೆ ಓಡಾಡಬಹುದು. ವಿಮಾನ ಇಳಿದು ಬಂದರಿಗೆ ಹೋಗುವಾಗ ಭಾವನ ಒಂದು ಕೈ ಅವರನ್ನು ಹಿಡಿಯಲು ಖಾಲಿ ಇರುತ್ತದೆ. ನನಗೆ ಮುಖ್ಯವಾಗಿ ಬೇಕಾಗಿರುವುದು ಅದೇ.

ನೀವು ನೋಡುತ್ತಿರುವ ಎರಡು ಮೂರು ಹಡಗುಗಳ ಹೆಸರು, ಹೊರಡುವ ತಾರೀಖು ಬರೆದು ಕಳಿಸು. ಕಂಪನಿಗಳಿಗೆ ಫೋನ್ ಮಾಡಿ ಪ್ರತಿ ಹಡಗಿನ ಬಗ್ಗೆಯೂ ನಾನೇ ಕೇಳಿ ತಿಳಿಸುತ್ತೇನೆ. ಅಲ್ಲಿಯವರೆಗೆ ಮುಂಗಡ ಕಟ್ಟಬೇಡಿ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು. ಪುಟ್ಟ, ಪುಟ್ಟಿಗೆ ಮುತ್ತು.

ಇಂತಿ ನಿನ್ನ ಪ್ರೀತಿಯ
ತಂಗಿ